ಸೊಟ್ಟ ಇರುವುದು ಗೋಡೆ

ಬೆಳಿಗ್ಗೆಯಿಂದ ಅಡುಗೆಮನೆಯ ನೆಲದ ಮೇಲೆಯೇ ಕುಳಿತಿದ್ದೇನೆ. ಸುತ್ತಲೂ ರಟ್ಟಿನ ಪೆಟ್ಟಿಗೆಯಲ್ಲಿ ಬಂದ ಕ್ಯಾಬಿನೆಟ್ಟಿನ ಹಲಗೆಗಳು, 8 ಮಿ.ಮೀ. ಮರದ ಗೂಟಗಳು, ‘ಎಲ್’ ಆಕಾರದ ಒಂದು ಕೀಲಿ.

ಜೋಡಿಸುವುದು ಕಷ್ಟವಾಗಲಿಲ್ಲ. ಗೂಟ ತೂತಿನಲ್ಲಿ ಕೂರುವಾಗಿನ ‘ಟಕ್’ ಸದ್ದಿಗೆ ಚಟವೇ ಹತ್ತಿಬಿಟ್ಟಿತು.

ಗೋಡೆಗೆ ಒರಗಿಸಿದೆ ನೋಡಿ, ಮೇಲೆ ಎರಡು ಬೆರಳು ಸಂದು! ರಸಮಟ್ಟ ಹಿಡಿದರೆ ಪೆಟ್ಟಿಗೆ ನೆಟ್ಟಗಿದೆ, ವಾಲಿರುವುದು ಅಜ್ಜನ ಕಾಲದ ಗೋಡೆ. ಕಾರ್ಖಾನೆಯವರಿಗೆ ಲೋಕದ ಗೋಡೆಗಳೆಲ್ಲ ನೇರ ಎಂಬ ನಂಬಿಕೆ. ಕೈಯಿಂದ ಗಾರೆ ಬಳಿದವರಿಗೆ ಆ ಹಟ ಇರಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತು, “ಅದಕ್ಕೇ ನಿಮ್ಮಜ್ಜ ಗೋಡೆಯಲ್ಲೇ ಗೂಡು ಬಿಡಿಸಿದ್ದರು” ಎಂದರು. ನಾನು ಮಾತನಾಡದೆ ಹಳೆಯ ಲಗ್ನಪತ್ರಿಕೆಯೊಂದನ್ನು ಮಡಚಿ, ಮಡಚಿ ಸಂದಿಗೆ ತುರುಕಿದೆ. ಯಾರ ಮದುವೆಯದೋ, ದಪ್ಪ ಕಾಗದ, ಪುಣ್ಯಾತ್ಮರು.

ಕಾಲುಗಳನ್ನು ಮಾತ್ರ 4 ಇಂಚು ಎತ್ತರಿಸಿದ್ದೇನೆ. ಚಿಕ್ಕಮಗಳೂರಿನ ಮಳೆಗಾಲದಲ್ಲಿ ನಮ್ಮ ನೆಲ ಬೆವರುತ್ತದೆ. ಮರದ ಹೊಟ್ಟು ಒತ್ತಿ ಮಾಡಿದ ಹಲಗೆ ನೀರು ಕುಡಿದರೆ ಹಪ್ಪಳದಂತೆ ಉಬ್ಬುತ್ತದೆ.

ಈಗ ರಾತ್ರಿ ಹತ್ತೂವರೆ. ಎಡಗಡೆಯ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತಿದೆ. ಕೀಲಿನ ತಿರುಪನ್ನು ನಾಳೆ ನೋಡಬೇಕು. ಒಳಗೆ ಅಮ್ಮ ಆಗಲೇ ಹುಣಸೆಹಣ್ಣಿನ ಭರಣಿ ಇಟ್ಟಿದ್ದಾರೆ.