ದಿನಾನ್‌ಗೆ ಅರ್ಧ ದಿನ ಸಾಕೇ?

ಬೆಲ್ಜಿಯಂನ ದಿನಾನ್ ಎಂಬ ಊರಿನಲ್ಲಿ ನಾನು ಒಂಬತ್ತು ವರ್ಷಗಳಿಂದ ವಾಸವಾಗಿದ್ದೇನೆ. ಯುರೋಪು ಪ್ರವಾಸಕ್ಕೆ ಹೊರಟ ನೆಂಟರು, ನೆಂಟರ ಸ್ನೇಹಿತರು, ಆ ಸ್ನೇಹಿತರ ಆಫೀಸಿನವರು, ಹೀಗೆ ನನ್ನ ಫೋನ್ ನಂಬರು ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ದಿನಾಂತ್ ಕವರ್ ಮಾಡೋದಕ್ಕೆ ಅರ್ಧ ದಿನ ಸಾಕಲ್ವಾ?" ಹೆಸರಿನ ಕೊನೆಯ ಅಕ್ಷರವನ್ನು ಫ್ರೆಂಚ್ ಮಾತಾಡುವವರು ನುಂಗುತ್ತಾರೆ, ನಮ್ಮವರು ಅದನ್ನು ಒತ್ತಿ ಹೇಳಿ ದಿನಾಂತ ಮಾಡುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಸಂಜೆಯ ರೈಲು ಹಿಡಿದು ಬ್ರಸೆಲ್ಸ್‌ಗೆ ಮರಳುವವರ ಪಾಲಿಗೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ನನ್ನ ತಕರಾರು ಇರುವುದು "ಕವರ್" ಎಂಬ ಮಾತಿನ ಬಗ್ಗೆ. ಪರೀಕ್ಷೆಗೆ ಮುಂಚೆ ಸಿಲೆಬಸ್ಸನ್ನು ಕವರ್ ಮಾಡುತ್ತಾರೆ, ಪರೀಕ್ಷೆ ಮುಗಿದ ಮಾರನೆಯ ದಿನ ಮರೆಯುತ್ತಾರೆ. ಊರುಗಳನ್ನೂ ಹಾಗೆಯೇ ನೋಡುವುದಾದರೆ ನನ್ನನ್ನು ಕೇಳುವ ಅಗತ್ಯವಾದರೂ ಏನು?

ಇದರ ಬೆನ್ನಿಗೇ ಬರುವ ಉಪಪ್ರಶ್ನೆಯನ್ನು ಮೊದಲು ತೀರಿಸಿಬಿಡುತ್ತೇನೆ. ಇಲ್ಲ, ಇದು ಫ್ರಾನ್ಸ್ ಅಲ್ಲ. ಫ್ರಾನ್ಸಿನ ಗಡಿ ಇಲ್ಲಿಂದ ದಕ್ಷಿಣಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿದೆ. ಇಲ್ಲಿಯವರದು ಫ್ರೆಂಚ್ ಭಾಷೆಯೇ ಆದರೂ ಎಪ್ಪತ್ತನ್ನು ಫ್ರಾನ್ಸಿನವರಂತೆ "ಅರವತ್ತು-ಹತ್ತು" ಎಂದು ಕೂಡಿಸಿ ಹೇಳದೆ "ಸೆಪ್ಟಾಂತ್" ಎಂದು ಒಂದೇ ಪದದಲ್ಲಿ ಹೇಳುವಷ್ಟು ವಿವೇಕವಂತರು.

ಅರ್ಧ ದಿನ ಎಂದು ಜನ ಏಕೆ ಅಂದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿದೆ. ಎದುರು ದಡದಲ್ಲಿ ನಿಂತರೆ ಇಡೀ ಊರು ಒಂದೇ ಫೋಟೋದಲ್ಲಿ ಹಿಡಿಯುತ್ತದೆ: ಕೆಳಗೆ ಮ್ಯೂಸ್ ನದಿ, ದಡಕ್ಕೆ ಒತ್ತಿಕೊಂಡ ಮನೆಗಳ ಸಾಲು, ಈರುಳ್ಳಿಯಾಕಾರದ ಗೋಪುರ ಹೊತ್ತ ನೋಟ್ರ್ ಡಾಮ್ ಚರ್ಚು, ಅದರ ಬೆನ್ನಿಗೇ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬಂಡೆ, ಬಂಡೆಯ ನೆತ್ತಿಯ ಮೇಲೆ ಕೋಟೆ. ಊರು ಚಿಕ್ಕದಾಗಿರುವುದು ಬೆಳೆಯುವ ಮನಸ್ಸಿಲ್ಲದೆ ಅಲ್ಲ, ಬಂಡೆ ಮತ್ತು ನದಿಯ ನಡುವೆ ಉಳಿದಿರುವ ಜಾಗವೇ ಅಷ್ಟು. ಆ ಬಂಡೆ ಮೂಡಿದ್ದು ಸುಮಾರು 35 ಕೋಟಿ ವರ್ಷಗಳ ಹಿಂದೆ. ಭೂವಿಜ್ಞಾನಿಗಳು ಆ ಕಾಲಘಟ್ಟದ ಒಂದು ಭಾಗಕ್ಕೆ ಈ ಊರಿನ ಹೆಸರನ್ನೇ ಇಟ್ಟು "ಡಿನಾಂಷಿಯನ್" ಎಂದು ಕರೆದರು. ಬಂಡೆಯ ಕೆಳಗೆ ಬದುಕುವುದಕ್ಕೆ ಬೆಲೆಯೂ ಇದೆ. 1227ರಲ್ಲಿ ಅದರ ಒಂದು ಭಾಗ ಕುಸಿದು ಹಳೆಯ ಚರ್ಚನ್ನು ನೆಲಸಮ ಮಾಡಿತು, ಈಗಿನದು ಅದರ ನಂತರ ಕಟ್ಟಿದ್ದು. 2021ರ ಜುಲೈ 24ರಂದು ಬೀದಿಯಲ್ಲಿ ಕಾರುಗಳು ಒಂದರ ಮೇಲೊಂದು ರಾಶಿಬಿದ್ದಾಗ ನಮ್ಮ ನಾಡಿನಿಂದ ಫೋನ್ ಮಾಡಿದವರೆಲ್ಲ "ನದಿ ಉಕ್ಕಿತಂತೆ" ಎಂದರು. ನದಿ ಉಕ್ಕಿರಲಿಲ್ಲ, ಬಿರುಮಳೆಯ ನೀರು ಮೇಲಿನ ಇಳಿಜಾರುಗಳಿಂದ ಇಳಿದು ಬಂದಿತ್ತು.

ಮೂರು ವರ್ಷಗಳ ಹಿಂದೆ ನಮ್ಮ ದೊಡ್ಡಮ್ಮನ ಮಗ ಸಂಸಾರ ಸಮೇತ ಬಂದಿದ್ದ. ಕೈಯಲ್ಲಿ ಮೂರು ಗಂಟೆ ನಲವತ್ತು ನಿಮಿಷವಿತ್ತು. ಇದನ್ನು ಅವನೇ ಲೆಕ್ಕ ಹಾಕಿ ಹೇಳಿದ್ದ. ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದ ಬಣ್ಣಬಣ್ಣದ ಆಳೆತ್ತರದ ಸ್ಯಾಕ್ಸೊಫೋನುಗಳ ಮುಂದೆ ಒಂದೊಂದು ಫೋಟೋ ಆಯಿತು. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಆ ವಾದ್ಯವನ್ನು ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್ ಹುಟ್ಟಿದ್ದು 1814ರಲ್ಲಿ ಇದೇ ಊರಿನಲ್ಲಿ ಎಂದು ವಿವರಿಸಿದೆ. ಅವನು ಮಗುವಾಗಿದ್ದಾಗಲೇ ಮನೆಯವರು ಬ್ರಸೆಲ್ಸ್‌ಗೆ ಹೋದರು ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ, ಸ್ಯಾಕ್ಸ್ ಕೂಡ ಈ ಊರನ್ನು ಬೇಗನೆ ಕವರ್ ಮಾಡಿದನಲ್ಲ ಎಂದು ನನ್ನ ಬಾಯಿಯನ್ನೇ ಮುಚ್ಚಿಸುತ್ತಿದ್ದರು. ಬಳಿಕ ಊರಿನ ಪ್ರಸಿದ್ಧ ಕೂಕ್ ಬಿಸ್ಕತ್ತನ್ನು ಕೊಂಡರು. ಗೋಧಿಹಿಟ್ಟು ಮತ್ತು ಜೇನುತುಪ್ಪ ಬಿಟ್ಟರೆ ಬೇರೇನೂ ಇಲ್ಲದ, ಮರದ ಅಚ್ಚಿನಲ್ಲಿ ಒತ್ತಿ ಸುಟ್ಟ ಆ ಬಿಲ್ಲೆಯನ್ನು ಕಚ್ಚಬಾರದು, ಚೂರು ಮುರಿದು ಚೀಪಬೇಕು ಎಂದು ನಾನು ಎಚ್ಚರಿಸುವಷ್ಟರಲ್ಲಿ ಅಣ್ಣ ಕಚ್ಚಿಯಾಗಿತ್ತು.

ದವಡೆ ಹಿಡಿದುಕೊಂಡೇ ನಡೆಯುತ್ತಿದ್ದ ಅವನು ಸಾಲುಸಾಲಾಗಿ ಹೆಸರುಗಳಿದ್ದ ಸ್ಮಾರಕದ ಬಳಿ ನಿಂತು, "ಇದೇನು, ದಾನಿಗಳ ಪಟ್ಟಿಯಾ?" ಎಂದ. ತಪ್ಪು ಅವನದಲ್ಲ. ದೇವಸ್ಥಾನದ ಗೋಡೆಯಲ್ಲಿ, ಕಲ್ಯಾಣಮಂಟಪದ ಬಾಗಿಲಲ್ಲಿ ಅಮೃತಶಿಲೆಯ ಮೇಲೆ ಹೆಸರು ಕಂಡರೆ ಕೆಳಗೆ ಮೊತ್ತವನ್ನು ಹುಡುಕುವುದು ನಮ್ಮ ಅಭ್ಯಾಸ. ಆದರೂ ನನಗೆ ಸಿಟ್ಟು ಬಂತು, ಬೀದಿಯಲ್ಲಿ ಬರಬಾರದಷ್ಟು ಬಂತು. ಅವು 1914ರ ಆಗಸ್ಟ್ 23ರಂದು ಮತ್ತು ಅದರ ಆಸುಪಾಸಿನಲ್ಲಿ ಸತ್ತ 674 ನಾಗರಿಕರ ಹೆಸರುಗಳು. ಊರಿನವರೇ ತಮ್ಮ ಮೇಲೆ ಗುಂಡು ಹಾರಿಸುತ್ತಿದ್ದಾರೆ ಎಂದು ನಂಬಿದ ಜರ್ಮನ್ ಸೈನಿಕರು ಗಂಡಸರು, ಹೆಂಗಸರು, ಮಕ್ಕಳು ಎನ್ನದೆ ಹಿಡಿದು ತಂದು ಗೋಡೆಗಳಿಗೆ ಒತ್ತಿ ನಿಲ್ಲಿಸಿ ಕೊಂದರು. ಅತಿ ಕಿರಿಯ ಬಲಿ ಮೂರು ವಾರದ ಕೂಸು. ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟರು. ಜರ್ಮನಿಯ ಸರಕಾರ ಅಧಿಕೃತವಾಗಿ ಕ್ಷಮೆ ಕೇಳಿದ್ದು 2001ರಲ್ಲಿ. ಇದನ್ನೆಲ್ಲ ನಾನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಾಗ ಅತ್ತಿಗೆ ಮಕ್ಕಳನ್ನು ಸ್ವಲ್ಪ ದೂರಕ್ಕೆ ಕರೆದುಕೊಂಡು ಹೋಗಿದ್ದರು, ಅಣ್ಣ ವಾಚು ನೋಡಿಕೊಳ್ಳುತ್ತಿದ್ದ. ಆ ಸಂಜೆ ನಾನು ಕ್ಷಮೆ ಕೇಳಿ ಮೆಸೇಜು ಕಳಿಸಿದೆ. ಅವನು ಹೆಬ್ಬೆರಳಿನ ಚಿತ್ರ ಕಳಿಸಿದ.

ನನ್ನನ್ನು ಯಾರಾದರೂ ಕೇಳಬಾರದೇ ಎಂದು ಕಾಯುತ್ತಿರುವ ಪ್ರಶ್ನೆ ಬೇರೆಯದು: ಎದುರು ದಡದಲ್ಲಿ ಯಾರಿದ್ದರು?

ಎಡದಂಡೆಯಲ್ಲಿ, ನದಿಯ ಹರಿವಿನ ಜೊತೆ ಒಂದೆರಡು ಕಿಲೋಮೀಟರು ನಡೆದರೆ ಬೂವಿನ್ಯ್ ಸಿಗುತ್ತದೆ. ಇಂದು ಅದು ದಿನಾನ್‌ನ ಆಡಳಿತಕ್ಕೇ ಸೇರಿದ ಮೌನವಾದ ಬಡಾವಣೆ. ಮಧ್ಯಯುಗದಲ್ಲಿ ದಿನಾನ್ ಇರುವ ಈ ದಡ ಲಿಯೇಜ್‌ನ ಬಿಷಪ್ ಪ್ರಭುವಿನದು, ಆ ದಡ ನಾಮೂರ್ ಸಂಸ್ಥಾನದ್ದು. ನಡುವೆ ಹರಿಯುವ ನೀರೇ ಗಡಿ. ಎರಡೂ ಊರುಗಳ ಕಸುಬು ಒಂದೇ, ತಾಮ್ರ ಮತ್ತು ಹಿತ್ತಾಳೆ. ದಿನಾನ್‌ನ ಕಂಚುಗಾರರು ಮಾಡಿದ ಹಂಡೆ, ದೀಪದ ಕಂಬ, ತಟ್ಟೆಗಳು ಎಷ್ಟು ಹೆಸರಾಗಿದ್ದವೆಂದರೆ ಅಂಥ ಕೆಲಸಕ್ಕೆ ಫ್ರೆಂಚಿನಲ್ಲಿ ಇಂದಿಗೂ "ದಿನಾಂದ್ರಿ" ಎಂದೇ ಹೆಸರು. ಅವರ ವರ್ತಕರು ಲಂಡನ್ನಿನಲ್ಲಿ ಉತ್ತರ ಯುರೋಪಿನ ವ್ಯಾಪಾರಿ ಊರುಗಳ ಕೂಟವಾದ ಹ್ಯಾನ್ಸಾ ಒಕ್ಕೂಟದ ಸವಲತ್ತುಗಳನ್ನು ಅನುಭವಿಸುತ್ತಿದ್ದರು. ಒಂದೇ ಸರಕು, ಒಂದೇ ನದಿ, ಕೂಗಿದರೆ ಕೇಳುವಷ್ಟು ದೂರ: ದಾಯಾದಿ ಮತ್ಸರಕ್ಕೆ ಇನ್ನೇನು ಬೇಕು? ಮುಂದೆ ನಾಮೂರ್ ಬರ್ಗಂಡಿಯ ಡ್ಯೂಕನ ಕೈಸೇರಿತು. ಲಿಯೇಜ್ ಮತ್ತು ಬರ್ಗಂಡಿಯ ನಡುವೆ ಕಾಳಗ ನಡೆದಿದ್ದಾಗ ದಿನಾನ್‌ನ ಕೆಲವು ಪುಂಡರು ಬರ್ಗಂಡಿಯ ರಾಜಕುಮಾರ ಶಾರ್ಲ್‌ನ ಪ್ರತಿಕೃತಿಯನ್ನು ಬೂವಿನ್ಯ್‌ನವರ ಕಣ್ಣೆದುರು ನೇಣಿಗೇರಿಸಿ, ಅವನು ಡ್ಯೂಕನ ಮಗನಲ್ಲ, ಬಿಷಪ್ಪನಿಗೆ ಹುಟ್ಟಿದವನು ಎಂದು ಕೂಗಿದರು. ಬೂವಿನ್ಯ್‌ನವರಿಗೆ ತೋರಿಸಲೆಂದು ಆಡಿದ ಆ ಆಟಕ್ಕೆ 1466ರ ಆಗಸ್ಟಿನಲ್ಲಿ ಉತ್ತರ ಬಂತು. ಬರ್ಗಂಡಿಯ ಫಿರಂಗಿಗಳು ದಿನಾನ್‌ನ ಕೋಟೆಗೋಡೆಯನ್ನು ಒಡೆದವು, ಊರನ್ನು ಲೂಟಿ ಮಾಡಿ ಸುಟ್ಟರು, ಎಂಟುನೂರು ಜನರನ್ನು ಜೋಡಿಜೋಡಿಯಾಗಿ ಕಟ್ಟಿ ಮ್ಯೂಸ್ ನದಿಗೆ ತಳ್ಳಿದರು ಎನ್ನುತ್ತಾರೆ. ಉಳಿದ ಕಂಚುಗಾರರು ಬೇರೆ ಊರುಗಳಿಗೆ ಚದುರಿದರು. ಬೂವಿನ್ಯ್ ಗೆದ್ದಿತು ಎನ್ನುವಂತೆಯೂ ಇಲ್ಲ: 1554ರಲ್ಲಿ ಫ್ರಾನ್ಸಿನ ಎರಡನೇ ಹೆನ್ರಿಯ ಸೈನ್ಯ ಅದನ್ನೂ ಹಾಳುಗೆಡವಿತು. ಅದರ ಮೇಲಿನ ಗುಡ್ಡದಲ್ಲಿ ಕ್ರೆವ್‌ಕರ್ ಕೋಟೆಯ ಪಾಳು ಇನ್ನೂ ನಿಂತಿದೆ. ಆ ಹೆಸರಿನ ಅರ್ಥ "ಎದೆಯೊಡಕ".

ಇನ್ನು ಉತ್ತರ. ಸಾಕು. ಹತ್ತು ಗಂಟೆಗೆ ಬಂದರೆ ಸೇತುವೆ, ಚರ್ಚು, ಕೇಬಲ್ ಕಾರಿನಲ್ಲಿ ಕೋಟೆ, ಊಟ ಎಲ್ಲ ಮುಗಿದು ಎರಡು ಗಂಟೆಯ ಹೊತ್ತಿಗೆ ನಿಲ್ದಾಣದಲ್ಲಿರುತ್ತೀರಿ, ಇದಕ್ಕೆ ನಾನು ಬೇಕಾಗಿಲ್ಲ. ಕೂಕ್ ಕಚ್ಚಬೇಡಿ. ಬೂವಿನ್ಯ್‌ಗೆ ನಡೆದು ಕ್ರೆವ್‌ಕರ್ ಹತ್ತುವುದಾದರೆ ಮಾತ್ರ ಹಿಂದಿನ ದಿನ ಒಂದು ಮಾತು ತಿಳಿಸಿ, ಬುತ್ತಿ ಕಟ್ಟಿಕೊಂಡು ನಾನೂ ಬರುತ್ತೇನೆ. ಆದರೆ ದಾರಿಯಲ್ಲಿ ವಾಪಸು ರೈಲು ಎಷ್ಟು ಗಂಟೆಗೆ ಎಂದು ಕೇಳಕೂಡದು.