ಮೊದಲು ಬೆಲ್ಟ್, ಆಮೇಲೆ ಹೋಲ್‌ಸ್ಟರ್

ಲೈಸೆನ್ಸ್ ಸಿಕ್ಕಿ ಪಿಸ್ತೂಲು ಕೈಗೆ ಬಂದಾಗ ನಾನು ತಲೆ ಕೆಡಿಸಿಕೊಂಡದ್ದೆಲ್ಲ ಅದನ್ನು ಸೊಂಟದಲ್ಲಿ ಹಿಡಿದಿಡುವ ಒರೆ, ಅಂದರೆ ಹೋಲ್‌ಸ್ಟರ್ ಬಗ್ಗೆ. ಬೆಲ್ಟ್ ಹೇಗೂ ಇತ್ತಲ್ಲ, ದಿನವೂ ಪ್ಯಾಂಟಿಗೆ ಹಾಕುವುದು. ಎರಡೇ ದಿನದಲ್ಲಿ ಬಲಸೊಂಟ ನೋಯತೊಡಗಿತು. ಗುಂಡು ತುಂಬಿದ ಗ್ಲಾಕ್ 19 ಪಿಸ್ತೂಲು ಸುಮಾರು 850 ಗ್ರಾಂ ತೂಗುತ್ತದೆ. ಅಷ್ಟು ಭಾರ ಒಂದೇ ಕಡೆ ಜೋತುಬಿದ್ದರೆ ತೆಳು ಬೆಲ್ಟ್ ತಡೆಯುವುದಿಲ್ಲ. ಅಲ್ಲಿಯೇ ಮಡಚಿಕೊಂಡು ಹೊರಕ್ಕೆ ವಾಲುತ್ತದೆ. ಪಿಸ್ತೂಲಿನ ಹಿಡಿ ಅಂಗಿಯೊಳಗಿಂದ ಉಬ್ಬಿ ಕಾಣುತ್ತದೆ. ಕೈ ಮತ್ತೆ ಮತ್ತೆ ಅದನ್ನು ಸರಿಪಡಿಸಲು ಹೋಗುತ್ತದೆ. ನೋಡುವವರಿಗೆ ಅಷ್ಟು ಸುಳಿವು ಸಾಕು.

ಈಗ ಬೆಲ್ಟ್ ಕೊಳ್ಳುವಾಗ ಒಂದು ಗೇಣು ಅಂತರದಲ್ಲಿ ಎರಡೂ ಕೈಯಿಂದ ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡುತ್ತೇನೆ. ಸೊಂಟವನ್ನು ಸುತ್ತುವಷ್ಟು ಬಾಗಬೇಕು, ತಿರುಚಿದರೆ ಸುಲಭವಾಗಿ ಬಗ್ಗಬಾರದು. ಎರಡು ಪದರ ಚರ್ಮ ಸೇರಿಸಿ ಹೊಲಿದದ್ದು ಚೆನ್ನಾಗಿ ನಿಲ್ಲುತ್ತದೆ. ನಡುವೆ ಗಟ್ಟಿ ಪ್ಲಾಸ್ಟಿಕ್ ಅಥವಾ ಉಕ್ಕಿನ ಪಟ್ಟಿ ಇಟ್ಟವೂ ಇವೆ. ನನ್ನದು ಒಂದೂವರೆ ಇಂಚು ಅಗಲ. ಹೋಲ್‌ಸ್ಟರಿನ ಕ್ಲಿಪ್ ಕೂಡ ಅದೇ ಅಳತೆಯದಾಗಿರಬೇಕು. ಸಡಿಲವಾದರೆ ಪಿಸ್ತೂಲು ಎಳೆದಾಗ ಹೋಲ್‌ಸ್ಟರೂ ಜೊತೆಗೇ ಎದ್ದು ಬರುತ್ತದೆ. ಅಂದಹಾಗೆ, ಹೋಲ್‌ಸ್ಟರನ್ನು ಪ್ಯಾಂಟಿನ ಒಳಗೆ ಧರಿಸುವವರು ಪ್ಯಾಂಟಿನ ಸೊಂಟದ ಅಳತೆಯನ್ನು ಒಂದೆರಡು ಇಂಚು ಹೆಚ್ಚಿಸಿಕೊಳ್ಳಲೇಬೇಕು.

ಹೋಲ್‌ಸ್ಟರ್ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಆ ಹೊದಿಕೆ ಬೆರಳಿನಿಂದ ಒತ್ತಿದರೂ ಜಗ್ಗಬಾರದು. ನನ್ನ ಮೊದಲ ಹೋಲ್‌ಸ್ಟರ್ ಮೆತ್ತನೆಯ ಚರ್ಮದ್ದು. ಬೆವರು ಕುಡಿದು ಕುಡಿದು ಅದರ ಬಾಯಿ ಸಡಿಲವಾಗಿತ್ತು. ಒಂದು ಸಂಜೆ ಖಾಲಿ ಪಿಸ್ತೂಲಿನಿಂದ ಅಭ್ಯಾಸ ಮಾಡುತ್ತಿದ್ದಾಗ, ಒಳಗಿಡುವ ಹೊತ್ತಿಗೆ ಏನೋ ತಡೆದಂತಾಯಿತು. ಬಗ್ಗಿ ನೋಡಿದರೆ ಚರ್ಮದ ಅಂಚು ಒಳಕ್ಕೆ ಮಡಚಿ ಟ್ರಿಗರಿನ ಮುಂದೆ ಬೆರಳಿನಂತೆ ನಿಂತಿತ್ತು. ಇನ್ನಷ್ಟು ಒತ್ತಿದ್ದರೆ ಟ್ರಿಗರ್ ಎಳೆದುಕೊಳ್ಳುತ್ತಿತ್ತು. ಗುಂಡು ಇದ್ದಿದ್ದರೆ ಅದು ನನ್ನ ತೊಡೆಗೇ. ಬಹಳ ಹೊತ್ತು ಕೈ ನಡುಗುತ್ತಿತ್ತು.

ಈಗಿನದು ನನ್ನ ಪಿಸ್ತೂಲಿನ ಅಚ್ಚಿಗೇ ಹೊಂದಿಸಿದ ಕೈಡೆಕ್ಸ್, ಅಂದರೆ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್‌ನದು. ಅದರ ಬಾಯಿ ಕುಸಿಯುವುದಿಲ್ಲ. ತಂದ ದಿನವೇ ಪಿಸ್ತೂಲನ್ನು ಖಾಲಿ ಮಾಡಿ, ಗುಂಡು ಕೂರುವ ಚೇಂಬರನ್ನು ಎರಡು ಸಲ ನೋಡಿ, ಹೋಲ್‌ಸ್ಟರಿಗೆ ಹಾಕಿ ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿದೆ. ಕದಲಲಿಲ್ಲ. ಆದರೂ ಒಳಗಿಡುವಾಗ ಅಂಗಿಯನ್ನು ಪೂರ್ತಿ ಮೇಲೆತ್ತಿ, ಕಣ್ಣಿಟ್ಟು, ನಿಧಾನವಾಗಿಯೇ ಇಡುತ್ತೇನೆ.

ಹಳೆಯದನ್ನು ಸ್ನೇಹಿತನೊಬ್ಬ ಕೇಳಿದ. ಕೊಡಲಿಲ್ಲ. ಕತ್ತರಿಸಿ ಕಸಕ್ಕೆ ಹಾಕಿದೆ.