ನಿರ್ಮಾಲ್ಯದ ಕುಂಡ

ನಮ್ಮ ದೇವರ ಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಹೋದ ವರ್ಷದವರೆಗೂ ಅದರಲ್ಲಿ ಸದಾ ಒಂದು ಪ್ಲಾಸ್ಟಿಕ್ ಕವರ್ ನೇತಾಡುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ ಬಂದು, ಹಿಂದಿನ ದಿನದ ಹೂವನ್ನೆಲ್ಲ ತೆಗೆದು ಅದಕ್ಕೆ ಹಾಕುವುದು. ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ, ನಿರ್ಮಾಲ್ಯ ಅಲ್ವಾ. ಯಾರ ಕಾಲಿಗೂ ಸಿಗಬಾರದು. ಹತ್ತು ಹದಿನೈದು ದಿನಕ್ಕೆ ಕವರ್ ತುಂಬಿ, ತಳದಲ್ಲಿ ಕಂದು ನೀರು ನಿಂತು, ಒಂಥರಾ ಹುಳಿ ವಾಸನೆ ಶುರುವಾಗುತ್ತಿತ್ತು. ಆಗ ನಮ್ಮ ಯಜಮಾನರು ಅದನ್ನು ಸ್ಕೂಟರ್‌ಗೆ ಸಿಕ್ಕಿಸಿಕೊಂಡು ಹೋಗಿ ಅರಳಿಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದರು. ಕೈ ಮುಗಿದೇ ಬರುತ್ತಿದ್ದರು, ಸುಳ್ಳು ಹೇಳಬಾರದು.

ಆ ಕಟ್ಟೆಯ ಮೇಲೆ ನಮ್ಮದೊಂದೇ ಕವರ್ ಇರುತ್ತಿರಲಿಲ್ಲ. ಗಾಜು ಒಡೆದ ಲಕ್ಷ್ಮಿ ಫೋಟೋ, ಮೂಗು ಮುರಿದ ಗಣಪತಿ, ಹಳೇ ಕ್ಯಾಲೆಂಡರಿನ ವೆಂಕಟರಮಣ, ಖಾಲಿ ಊದುಬತ್ತಿ ಪ್ಯಾಕೆಟ್ಟು. ನಾಗರಕಲ್ಲಿಗೆ ಪ್ರದಕ್ಷಿಣೆ ಬರುವವರು ಅದರ ನಡುವೆಯೇ ಕಾಲಿಡಬೇಕು. ವರ್ಷಗಟ್ಟಲೆ ನೋಡಿದ್ದೇನೆ. ನೋಡಿದ್ದೇನೆ ಅಷ್ಟೇ, ಕಣ್ಣಿಗೆ ಬಿದ್ದಿರಲಿಲ್ಲ.

ಬಿದ್ದಿದ್ದು ನಂಜನಗೂಡಿನಲ್ಲಿ. 2025ರ ಯುಗಾದಿಗೆ ಇನ್ನು ಎರಡು ವಾರ ಇತ್ತು. ಸೋಮವಾರ. ನನ್ನ ತಂಗಿಯ ಮಗನ ಮುಡಿ ಕೊಡುವುದಿತ್ತು. ನಮ್ಮ ತವರಿನ ಮನೆದೇವರು ಶ್ರೀಕಂಠೇಶ್ವರ. ಮೈಸೂರಿನಿಂದ 25 ಕಿಲೋಮೀಟರೂ ಇಲ್ಲ, ನಾನೂ ಬರ್ತೀನಿ ಅಂತ ಅತ್ತೆ ಹೊರಟರು. 1735ರ ಹಳೇ ಸೇತುವೆ ಕಣ್ಣಿಗೆ ಬಿತ್ತು ಅಂದರೆ ನಂಜನಗೂಡು ಬಂತು ಅಂತ ನಮ್ಮಪ್ಪ ಎಬ್ಬಿಸುತ್ತಿದ್ದರು. ಈಗ ಅದೇ ಮಾತನ್ನು ಬಸ್ಸಿನಲ್ಲಿ ನಾನು ಹೇಳಿದೆ. ಮಗು ಬಿಟ್ಟು ಯಾರೂ ಕಿಟಕಿ ಕಡೆ ತಿರುಗಲಿಲ್ಲ.

ಮುಡಿ ಆಯ್ತು. ಮಗುವಿನ ಬೋಳು ತಲೆಗೆ ಗಂಧ ಹಚ್ಚಿದ್ದೂ ಆಯ್ತು. ಅತ್ತೆ ಕಪಿಲೆಯಲ್ಲಿ ಮುಳುಗಲೇಬೇಕು ಅಂದರು. ನನ್ನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಬೇಸಿಗೆಯ ನೀರು, ಮೊಣಕಾಲುದ್ದ. ನಾಲ್ಕನೇ ಮೆಟ್ಟಿಲಲ್ಲಿ ಗಕ್ಕನೆ ನಿಂತರು. "ಕಾಲಿಗೆ ಏನೋ ಸುತ್ಕೊಂತು ಕಣಮ್ಮ" ಅಂದರು. ಪಾಚಿ ಇರಬೇಕು ಅಂದುಕೊಂಡು ಬಗ್ಗಿ ಕೈ ಹಾಕಿದೆ. ಹೂವಿನ ಹಾರ. ಹೂವೆಲ್ಲ ಕೊಳೆತು ಉದುರಿ ಹೋಗಿ ಬರೀ ದಾರ ಉಳಿದಿತ್ತು, ಅಲ್ಲೊಂದು ಇಲ್ಲೊಂದು ಸೇವಂತಿಗೆಯ ತೊಟ್ಟು. ದಾರ ಮಾತ್ರ ಹೊಸದರ ಹಾಗೆ ಗಟ್ಟಿ. ಪಾಲಿಯೆಸ್ಟರ್. ಹಲ್ಲಲ್ಲಿ ಕಚ್ಚಿದರೂ ತುಂಡಾಗದಂಥದ್ದು. ಅದರ ಇನ್ನೊಂದು ತುದಿಗೆ ಯಾರೋ ಬಿಟ್ಟು ಹೋದ ಪಂಚೆ, ಆ ಪಂಚೆಗೆ ಒಂದು ಶಾಂಪೂ ಸ್ಯಾಶೆ. ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟರೆ ಪೀಡೆ ಕಳೆಯುತ್ತೆ ಅಂತ ನಂಬುವವರು ಇನ್ನೂ ಇದ್ದಾರೆ.

ಅತ್ತೆ ಕಾಲಿಂದ ದಾರ ಬಿಡಿಸಿಕೊಂಡು, ಆ ಕೊಳೆತ ತೊಟ್ಟುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ದೇವರ ಹೂ ತುಳಿದ್ಬಿಟ್ನಲ್ಲಪ್ಪಾ, ತಪ್ಪಾಯ್ತು ನಂಜುಂಡ" ಅಂದರು.

ಯಾರೂ ತುಳಿಯಬಾರದು ಅಂತ ಯಾರೋ ನೀರಿಗೆ ಬಿಟ್ಟ ಹೂವದು. ಬಿಟ್ಟವರು ನೆಮ್ಮದಿಯಾಗಿ ಮನೆಗೆ ಹೋಗಿದ್ದಾರೆ. ತುಳಿದ ಪಾಪ 74 ವರ್ಷದ ನಮ್ಮತ್ತೆಗೆ. ನನಗೆ ತಕ್ಷಣ ನೆನಪಾಗಿದ್ದು ನಮ್ಮ ಬಾಗಿಲ ಹಿಂದಿನ ಮೊಳೆ. ಹಾಲಾಹಲ ಕುಡಿದ ಶಿವನನ್ನು ನಂಜು ಉಂಡವನು ಅಂತ ಕರೆದ ಊರದು. ನಾವು ಕೊಡೋ ನಂಜನ್ನೂ ಅವನೇ ಉಣ್ಣಲಿ ಅಂತ ಬಿಟ್ಟಂತಿತ್ತು. ದರ್ಶನಕ್ಕೆ ಸಾಲಿನಲ್ಲಿ ನಿಂತಾಗಲೂ ಬೆರಳಿಗೆ ಆ ದಾರ ಹತ್ತಿದ ಹಾಗೇ ಇತ್ತು. ಅಂದು ಮಂಗಳಾರತಿ ಹೊತ್ತಿನಲ್ಲಿ ನಾನು ಏನೂ ಬೇಡಿಕೊಳ್ಳಲಿಲ್ಲ. ಬೇಡಿಕೊಳ್ಳೋದಕ್ಕೆ ಮುಖ ಇರಲಿಲ್ಲ.

ಮಾರ್ಚ್ 30, ಭಾನುವಾರ, ವಿಶ್ವಾವಸು ಸಂವತ್ಸರ ಹುಟ್ಟಿತು. ಎಣ್ಣೆನೀರು ಹಾಕಿಕೊಂಡು ಬಂದು, ಅಂಗೈಯಲ್ಲಿ ಬೇವುಬೆಲ್ಲ ಹಿಡಿದು 'ಶತಾಯುರ್ವಜ್ರದೇಹಾಯ' ಹೇಳಿದ ಮೇಲೆ ಮನಸ್ಸಲ್ಲೇ ಒಂದು ವ್ರತ ಹಿಡಿದೆ. ರಾಮನವಮಿವರೆಗೆ ಮನೆಯಿಂದ ದೇವರ ಹೂವಿನ ಒಂದು ಎಸಳೂ ಹೊರಗೆ ಹೋಗಬಾರದು. ಆ ವರ್ಷ ಒಂದು ತಿಥಿ ಲೋಪವಾಗಿ ಏಪ್ರಿಲ್ 6ಕ್ಕೇ ರಾಮನವಮಿ ಬಂತು, ಅಂದರೆ ಎಂಟೇ ದಿನ. ಸುಲಭ ಅಂದುಕೊಂಡೆ.

ಬೇವಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ನಮ್ಮ ಬೀದಿಯ ತುದಿಯಲ್ಲಿ ಒಂದು ಬೇವಿನ ಮರ ಇದೆ. ಪ್ರತಿ ಯುಗಾದಿ ಹಿಂದಿನ ದಿನ ಅದಕ್ಕೆ ದೊಡ್ಡ ಗಂಡಾಂತರ. ಬೇಕಾಗಿರೋದು ಒಂದು ಚಿಟಿಕೆ ಹೂವು, ನಾಲ್ಕು ಚಿಗುರು. ಮುರಿಯೋದು ತೋಳುದ್ದದ ಕೊಂಬೆ. ಹಬ್ಬದ ಮಾರನೇ ದಿನ ಅದೇ ಕೊಂಬೆ ಬಾಗಿಲ ಮುಂದೆ ಒಣಗಿ ಬಿದ್ದಿರುತ್ತೆ. ಚೈತ್ರದಲ್ಲಿ ಬೆಳಿಗ್ಗೆ ಮರದ ಕೆಳಗೆ ಒಂದು ಹಳೇ ಪಂಚೆ ಹಾಸಿದರೆ ಸಾಕು, ಹೂವು ತಾನಾಗಿ ಉದುರುತ್ತೆ. ಬೇವುಬೆಲ್ಲಕ್ಕೂ ಆಗುತ್ತೆ, ಒಣಗಿಸಿಟ್ಟರೆ ಮಳೆಗಾಲದ ಸಾರಿಗೂ ಆಗುತ್ತೆ. ಇದನ್ನು ಹೇಳಿದರೆ ನಮ್ಮ ಬೀದಿಯವರು ನಗುತ್ತಾರೆ. ನಗಲಿ.

ವ್ರತಕ್ಕೆ ಬರೋಣ. ಮೊಣಕಾಲೆತ್ತರದ ಮಣ್ಣಿನ ಕುಂಡ ತಂದು ಹಿತ್ತಲಲ್ಲಿಟ್ಟೆ. ತಳದಲ್ಲಿ ತೂತು, ಅದರ ಮೇಲೆ ತೆಂಗಿನ ನಾರು, ಅದರ ಮೇಲೆ ಒಣಗಿದ ಎಲೆ. ಈ ಕಾಲದಲ್ಲಿ ಒಣಗಿದ ಎಲೆಗೆ ಬರ ಇಲ್ಲ. ಹೊಂಗೆ ಎಲೆ ಉದುರಿಸಿ, ಚಿಗುರಿ, ಹೂವನ್ನೂ ರಸ್ತೆ ತುಂಬ ಚೆಲ್ಲಿರುತ್ತೆ. ಗುಡಿಸಿ ಬೆಂಕಿ ಹಚ್ಚುವ ಮುಂಚೆ ಹೋಗಿ ಒಂದು ಗೋಣಿಚೀಲ ತುಂಬಿಸಿಕೊಂಡು ಬಂದೆ. ಒಂದು ಹಿಡಿ ಹೂವಿಗೆ ಎರಡು ಹಿಡಿ ಒಣ ಎಲೆ, ಮೇಲೆ ಸ್ವಲ್ಪ ಹುಳಿ ಮಜ್ಜಿಗೆ. ಜೊತೆಗೆ ತರಕಾರಿ ಸಿಪ್ಪೆಯನ್ನೂ ಹಾಕಿದೆ.

ಅಲ್ಲೇ ಎಡವಿದ್ದು. ಅತ್ತೆ ಬಂದು ಇಣುಕಿ ನೋಡಿದರು. "ದೇವರ ಹೂವನ್ನ ಈರುಳ್ಳಿ ಸಿಪ್ಪೆ ಜೊತೆ ಹಾಕಿದೀಯಲ್ಲಮ್ಮ? ನಂಜನಗೂಡಲ್ಲಿ ಕಾಲಲ್ಲಿ ತುಳಿದಿದ್ದು ಸಾಲ್ದು ಅಂತ ಇದೊಂದು ಬೇರೆ!" ನಾನು ವಾದಕ್ಕೆ ಹೋದೆ. ಮಣ್ಣಿಗೆ ಹೂವೂ ಒಂದೇ ಸಿಪ್ಪೆಯೂ ಒಂದೇ ಅಂದೆ. ಅತ್ತೆ ಮಾತೇ ಬಿಟ್ಟರು. ಮಧ್ಯಾಹ್ನ ಒಬ್ಬಟ್ಟಿಗೆ ತುಪ್ಪ ಬಡಿಸುವಾಗಲೂ ಮುಖ ತಿರುಗಿಸಿಕೊಂಡೇ ಇದ್ದರು. ಹಬ್ಬದ ದಿನ ಯಾಕೆ ಬೇಕಿತ್ತು ಅನ್ನಿಸಿತು. ಸಂಜೆ ಸಿಪ್ಪೆಯನ್ನೆಲ್ಲ ಆರಿಸಿ ತೆಗೆದು ಬೇರೆ ಡಬ್ಬಕ್ಕೆ ಹಾಕಿದೆ. ನಿರ್ಮಾಲ್ಯಕ್ಕೇ ಒಂದು ಕುಂಡ ಅಂತ ಆಯಿತು. ಯೋಚನೆ ಮಾಡಿದರೆ ಅತ್ತೆ ಹೇಳಿದ್ದರಲ್ಲಿ ಸೋಲೋದಕ್ಕೇನೂ ಇರಲಿಲ್ಲ. ಎರಡು ಕುಂಡ ಇಟ್ಟರೆ ನನ್ನ ಗಂಟೇನು ಹೋಗುತ್ತೆ?

ನಾಲ್ಕನೇ ದಿನ ನಾತ. ಹಿತ್ತಲ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ಅಭಿಷೇಕದ ನೀರನ್ನೂ ವ್ಯರ್ಥ ಮಾಡಬಾರದು ಅಂತ ಅದಕ್ಕೇ ಸುರಿದಿದ್ದೆ. ಹಾಲು ಬೆರೆತ ನೀರು. ಹೂವೆಲ್ಲ ಗಾಳಿಯಾಡದೆ ಲೋಳೆಯಾಗಿ, ಅದರಲ್ಲಿ ಬಿಳಿ ಹುಳ ಮಿಜಿಮಿಜಿ. ಯಜಮಾನರು ಏನೂ ಹೇಳದೆ ಸ್ಕೂಟರ್ ಕೀ ತಂದು ಪಕ್ಕದಲ್ಲಿಟ್ಟರು. ಅರಳಿಕಟ್ಟೆ ದಾರಿ ಇನ್ನೂ ತೆರೆದಿದೆ ಅನ್ನೋ ಥರ. ನಾನು ಜಗ್ಗಲಿಲ್ಲ. ಗೋಣಿಚೀಲದ ಎಲೆಯನ್ನೆಲ್ಲ ಸುರಿದು, ಕೋಲಿನಿಂದ ಬುಡ ಮೇಲು ಮಾಡಿದೆ. ಆಮೇಲೆ ದಿನಾ ಒಂದು ಸಲ ಕೆದಕುವುದು, ನೀರು ಸೋಕಿಸದಿರುವುದು. ಎರಡು ದಿನಕ್ಕೆ ನಾತ ಹೋಯಿತು. ಏಳನೇ ದಿನ ಬೆಳಿಗ್ಗೆ ಕೈ ಒಳಗೆ ಹಾಕಿದರೆ ಬೆಚ್ಚಗಿತ್ತು. ಆಗಷ್ಟೇ ಎದ್ದು ಹೋದವರ ಹಾಸಿಗೆಯ ಹಾಗೆ. ಅತ್ತೆಯ ಕೈ ಹಿಡಿದು ಅದರ ಮೇಲಿಟ್ಟೆ. ಅವರು ಕೈ ತೆಗೆಯಲಿಲ್ಲ.

ಆದರೆ ಕೆದಕುವಾಗೆಲ್ಲ ಕೋಲಿಗೆ ಸಿಗುತ್ತಿದ್ದುದು ದಾರ. ತಲೆಕೂದಲಿನ ಹಾಗೆ ಉಂಡೆ ಉಂಡೆ. ಹಾರದ ನಡುವೆ ಇಡುವ ಜರಿ, ಬಣ್ಣದ ಕಾಗದದಂಥದ್ದು, ಅದೂ ಪ್ಲಾಸ್ಟಿಕ್ಕೇ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತು ಅಂತ ಗಾದೆ ಇದೆ. ಈ ಪಾಲಿಯೆಸ್ಟರ್ ದಾರ ಎಲ್ಲಿಗೂ ಹೋಗಲ್ಲ. ನೂರು ಹೂ ಅದನ್ನು ಹೊತ್ತುಕೊಂಡು ಹೋದರೂ ಅದು ಇಲ್ಲೇ ಇರುತ್ತೆ, ಯಾರದೋ ಕಾಲಿಗೆ ಸುತ್ತಿಕೊಂಡು.

ಹೂವಿನವಳನ್ನು ಕೇಳಿದೆ, ಬಾಳೆನಾರಲ್ಲಿ ಕಟ್ಟಿದ್ದು ಕೊಡ್ತೀಯಾ ಅಂತ. "ನಾರು ನೆನಸ್ಕೊಂಡು ಕೂತ್ರೆ ನಂಗೆ ಯಾಪಾರ ಆಗ್ತದಾ ಅಕ್ಕ? ದಾರ ಸಲೀಸು" ಅಂದಳು. ಅವಳದೂ ನಿಜ. ದಿನಕ್ಕೆ ಎಷ್ಟು ಮಾರು ಕಟ್ಟಬೇಕು ಅವಳು. ಹಾಗಾಗಿ ಬಿಡಿ ಹೂ ತಂದೆ, ಕಾಕಡ ಮತ್ತು ಸೇವಂತಿಗೆ. ಹಿತ್ತಲ ಬಾಳೆಯ ಪಟ್ಟೆಯಿಂದ ನಾರು ಸೀಳಿ ನೀರಲ್ಲಿ ನೆನಸಿಟ್ಟೆ. ಕಟ್ಟಲು ಬರಬೇಕಲ್ಲ! ಎರಡು ಹೂ ಈ ಕಡೆ, ಎರಡು ಹೂ ಆ ಕಡೆ, ಗಂಟು ಎಳೆದರೆ ಒಂದೋ ನಾರು ತುಂಡು, ಇಲ್ಲ ಹೂವಿನ ಕತ್ತು ತುಂಡು. ನವಮಿಯ ಹಿಂದಿನ ಸಂಜೆ ಅತ್ತೆ ಕೋಸಂಬರಿಗೆ ಹೆಸರುಬೇಳೆ ಆರಿಸುತ್ತಾ ಕೂತಿದ್ದವರು ನೋಡಿ ನೋಡಿ ಸಾಕಾಗಿ ಮೊರ ಪಕ್ಕಕ್ಕಿಟ್ಟರು. "ಕೊಡಿಲ್ಲಿ." ನಾರನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಲು ಹೋಗಿ, ದೇವರ ಹೂ ಅಂತ ನೆನಪಾಗಿ, ಕಿಟಕಿಯ ಸರಳಿಗೆ ಕಟ್ಟಿಕೊಂಡರು. ಅರ್ಧ ಗಂಟೆಯಲ್ಲಿ ಮೂರು ಮೊಳ. ಒಂದು ಹೂವೂ ಸಡಿಲ ಇಲ್ಲ.

ಕಟ್ಟುತ್ತಾ ಕಟ್ಟುತ್ತಾ ಅವರೇ ಮಾತಾಡಿದರು. ಅತ್ತೆಯ ತವರು ಚಳ್ಳಕೆರೆ ಕಡೆ. ಆ ಸೀಮೆಯಲ್ಲಿ ಊರಿಗೆ ಹತ್ತು ಜನ ತಿಪ್ಪೇಸ್ವಾಮಿಗಳು, ಹತ್ತು ಜನ ತಿಪ್ಪಮ್ಮಂದಿರು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರು. ಆ ಸ್ವಾಮಿ ಪವಾಡ ಮಾಡಿದ್ದಕ್ಕಿಂತ ಜಾಸ್ತಿ ಜನ ನೆನೆಯುವುದು ಅವರು ಕಟ್ಟಿಸಿದ ಐದು ಕೆರೆಗಳನ್ನು. ಕೂಲಿಯವರಿಗೆ 'ಮಾಡಿದಷ್ಟು ನೀಡು ಭಿಕ್ಷೆ' ಅಂದಿದ್ದರಂತೆ. ಫಾಲ್ಗುಣದಲ್ಲಿ ತೇರು, ಕೊಬ್ಬರಿ ಸುಡುವ ಹರಕೆ. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರಿಡುತ್ತಿದ್ದರು. ತಿಪ್ಪೆಯಲ್ಲಿ ಬಿದ್ದಿದ್ದು ಸಾಯಲ್ಲ, ಮೊಳೆಯುತ್ತೆ ಅಂತ.

"ದೀಪಾವಳಿಗೆ ತಿಪ್ಪೆಗೆ ಪೂಜೆ ಮಾಡ್ತಿದ್ವಿ" ಅಂದರು. "ಚೆಂಡುಹೂ ಇಟ್ಟು, ದೀಪ ಹಚ್ಚಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನೇ ಮಾಡಿದೀನಿ" ಅಂದರು. ಕುಂಡದ ಸುದ್ದಿ ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ರಾಮನವಮಿ ಮುಗಿಯಿತು, ಪಾನಕ ಮಜ್ಜಿಗೆ ಹಂಚಿದ್ದಾಯಿತು, ವ್ರತ ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಬಾಗಿಲ ಹಿಂದಿನ ಮೊಳೆಗೆ ಈಗ ಬಾಳೆನಾರಿನ ಕಟ್ಟು ನೇತಾಡುತ್ತೆ. ಬೆಳಿಗ್ಗೆ ಕಾಲು ನೆಲಕ್ಕಿಡುವ ಮುಂಚೆ 'ಪಾದಸ್ಪರ್ಶಂ ಕ್ಷಮಸ್ವ ಮೇ' ಅಂತ ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದೇನೆ. ಅದನ್ನು ಹೇಳುವಾಗ ಈಗ ಸ್ವಲ್ಪ ನಿಧಾನ ಮಾಡುತ್ತೇನೆ. ಎಲ್ಲಾ ಸರಿಯಾಗಿದೆ ಅಂತಲ್ಲ. ಅಂಗಡಿಯ ಕಡುಕೆಂಪು ಕುಂಕುಮ ಬಿದ್ದ ಹೂವನ್ನು ಕುಂಡಕ್ಕೆ ಹಾಕಲು ಮನಸ್ಸು ಬರಲ್ಲ. ಅರಿಶಿನದಿಂದ ಮಾಡಿದ ಕುಂಕುಮ ಹುಡುಕಿ ತಂದರೆ ಅತ್ತೆಗೆ ಅದರ ಬಣ್ಣ ಸಪ್ಪೆ. ಗಾಜು ಒಡೆದ ಒಂದು ಫೋಟೋ ಅಟ್ಟದ ಮೇಲೆ ಹಾಗೇ ಇದೆ. ಅದನ್ನು ಏನು ಮಾಡಬೇಕೋ ಇವತ್ತಿಗೂ ತೋಚಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದಾಗ ಕುಂಡ ಬಗ್ಗಿಸಿದೆ. ಎರಡೂವರೆ ತಿಂಗಳು ಹಾಕಿದ ಹೂವೆಲ್ಲ ಸೇರಿ ಅರ್ಧ ಬಕೆಟ್ ಕಪ್ಪು ಗೊಬ್ಬರ. ಹೂವಿನ ವಾಸನೆ ಇಲ್ಲ, ಕೊಳೆತ ವಾಸನೆಯೂ ಇಲ್ಲ. ಮೊದಲ ಮಳೆಗೆ ನೆಲ ಕೊಡುತ್ತಲ್ಲ, ಆ ವಾಸನೆ. ತುಳಸಿಗೆ ಒಂದು ಹಿಡಿ, ದಾಸವಾಳಕ್ಕೆ ಎರಡು ಹಿಡಿ. ಉಳಿದಿದ್ದನ್ನು ಖಾಲಿ ಕುಂಡಕ್ಕೆ ಮಣ್ಣಿನ ಜೊತೆ ಹಾಕಿಟ್ಟೆ. ಅದರಲ್ಲಿ ಚೆಂಡುಹೂವಿನ ಸಸಿ ತಾನಾಗಿ ಎದ್ದವು, ಹನ್ನೊಂದು. ಯಾವ ಹಬ್ಬದ ಯಾವ ಹಾರದ ಬೀಜವೋ.

ಬಲಿಪಾಡ್ಯಮಿ ದಿನ ನಾನು ಅಡುಗೆಮನೆಯಲ್ಲಿದ್ದೆ. ಹಿತ್ತಲಿಗೆ ಹೋದಾಗ ನೋಡಿದರೆ ನಿರ್ಮಾಲ್ಯದ ಕುಂಡದ ಅಂಚಿಗೆ ಅರಿಶಿನ ಕುಂಕುಮ, ಮೇಲೊಂದು ಚೆಂಡುಹೂ, ಪಕ್ಕದಲ್ಲಿ ಹಣತೆ. ಅತ್ತೆ ದೇವರ ಮನೆಯಲ್ಲಿ ಏನೂ ಗೊತ್ತಿಲ್ಲದವರ ಹಾಗೆ ಜಪ ಮಾಡುತ್ತಿದ್ದರು.

ಈಗ ಇನ್ನೊಂದು ಯುಗಾದಿ ಮುಗಿದಿದೆ, ಪರಾಭವ. ಸುದ್ದಿ ಬೀದಿಗೆಲ್ಲ ಹಬ್ಬಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ಗೇಟಿಗೆ ಮೂರು ಕವರ್, ನಾಲ್ಕು ಕವರ್. ಎಲ್ಲರ ಮನೆಯ ನಿರ್ಮಾಲ್ಯ, ದಾರ, ಜರಿ, ಪ್ಲಾಸ್ಟಿಕ್ ಸಮೇತ. ಯಜಮಾನರು, "ಅರಳಿಕಟ್ಟೆ ನಮ್ಮನೆಗೇ ಬಂತು ನೋಡು" ಅಂತ ನಗುತ್ತಾರೆ. ಅತ್ತೆ ಮಾತ್ರ ಕನ್ನಡಕ ಹಾಕಿಕೊಂಡು, ಮೆಟ್ಟಿಲ ಮೇಲೆ ಕೂತು, ಒಂದೊಂದೇ ಹಾರದಿಂದ ದಾರ ಎಳೆದು ಹಾಕುತ್ತಾ ಗೊಣಗುತ್ತಾರೆ.

"ಇವರಿಗೆಲ್ಲ ನಾರಲ್ಲಿ ಕಟ್ಟೋದು ನಾನೇ ಹೇಳ್ಕೊಡ್ಬೇಕು. ಶುಕ್ರವಾರ ಸಂಜೆ ಬರಕ್ಕೆ ಹೇಳಮ್ಮ. ಬಾಳೆಪಟ್ಟೆ ಜಾಸ್ತಿ ನೆನಸಿಡು."